ಬಾಕ್ಸ್ ಯಾವುದು, ಫ್ಯಾನೋ ಎಸಿಯೋ: ಡ್ರೈವ್ ಪ್ಯಾನೆಲ್ ಆರ್ಡರ್ ಕೊಡುವ ಮುನ್ನ

ಏಪ್ರಿಲ್‌ನಲ್ಲಿ ಸಿಂಧನೂರಿನ ಅಕ್ಕಿ ಗಿರಣಿಗೆ ಹೋಗಿ, ಇಲ್ಲ ಪೀಣ್ಯದ ಯಾವುದಾದರೂ ಸಣ್ಣ ಕಾರ್ಖಾನೆಗೆ ಹೋಗಿ, ಈ ನೋಟ ಎಲ್ಲಾದರೂ ಸಿಕ್ಕೇ ಸಿಗುತ್ತದೆ: ಕಂಟ್ರೋಲ್ ಪ್ಯಾನೆಲ್‌ನ ಬಾಗಿಲು ಪೂರ್ತಿ ತೆರೆದಿದೆ, ಎದುರಿಗೆ ಪೆಡೆಸ್ಟಲ್ ಫ್ಯಾನ್ ನಿಂತು ಒಳಗಿನ ಡ್ರೈವ್‌ಗೆ, ಅಂದರೆ ಮೋಟಾರಿನ ವೇಗ ನಿಯಂತ್ರಿಸುವ ಸಾಧನಕ್ಕೆ, ಗಾಳಿ ಹೊಡೆಯುತ್ತಿದೆ. ಬಾಗಿಲ ಮೇಲೆ ‘ಐಪಿ 65’ ಸ್ಟಿಕ್ಕರ್ (ಧೂಳು, ನೀರು ತಡೆಯುವ ಮಟ್ಟದ ಅಂಕಿ) ಮಾತ್ರ ಹಾಗೇ ಇದೆ. ಒಂದು ಕಣ ಧೂಳೂ ಹೋಗಬಾರದೆಂದು ದುಡ್ಡು ಕೊಟ್ಟು ತಂದ ಬಾಕ್ಸ್‌ನೊಳಗೆ ಈಗ ತವುಡು ನೇರವಾಗಿ ಹೋಗುತ್ತಿದೆ, ಅದೂ ಫ್ಯಾನಿನ ಸಹಾಯದಿಂದ.

ಇದರಲ್ಲಿ ಆಪರೇಟರ್‌ನನ್ನು ಬೈದು ಪ್ರಯೋಜನವಿಲ್ಲ. ಡ್ರೈವ್ ಬಿಸಿಯೇರಿ ಟ್ರಿಪ್ ಆದರೆ ಗಿರಣಿ ನಿಲ್ಲುತ್ತದೆ, ಅವನ ಕೈಯಲ್ಲಿರುವ ಉಪಾಯ ಅದೊಂದೇ. ಎಡವಟ್ಟಾಗಿದ್ದು ಆರ್ಡರ್ ಕೊಡುವಾಗ. ಐಪಿ ನಂಬರ್ ನೋಡಿ ಒಬ್ಬರು ಬಾಕ್ಸ್ ಆರಿಸಿದರು, ಎಚ್‌ಪಿ ನೋಡಿ ಇನ್ನೊಬ್ಬರು ಡ್ರೈವ್ ಆರಿಸಿದರು, ಒಳಗಿನ ಶಾಖ ಎಲ್ಲಿಗೆ ಹೋಗಬೇಕೆಂದು ಯಾರೂ ಕೇಳಲಿಲ್ಲ. ಬಾಕ್ಸ್ ಬಿಗಿಯಾದಷ್ಟೂ ಶಾಖ ಒಳಗೇ ಉಳಿಯುತ್ತದೆ. ಶಾಖಕ್ಕೆ ಕಿಂಡಿ ಕೊರೆದಷ್ಟೂ ಧೂಳು, ನೀರು, ಹಲ್ಲಿ ಎಲ್ಲಕ್ಕೂ ಕಿಂಡಿಯಾಗುತ್ತದೆ. ಬಾಕ್ಸ್ ಮತ್ತು ತಂಪು ಎರಡನ್ನೂ ಒಂದೇ ಸಲ ಕೂತು ತೀರ್ಮಾನಿಸಬೇಕು ಎನ್ನುವುದಷ್ಟೇ ನನ್ನ ವಾದ. ಅದಕ್ಕೆ ಬೇಕಾದ ಲೆಕ್ಕ ಎಂಟನೇ ಕ್ಲಾಸಿನ ಗಣಿತಕ್ಕಿಂತ ಮೇಲಿನದಲ್ಲ.

ಮೊದಲು ವ್ಯಾಟ್ ಎಣಿಸಿ

ಉದಾಹರಣೆಗೆ 15 ಎಚ್‌ಪಿ ಬ್ಲೋವರ್‌ಗೆ ಹಾಕುವ ಡ್ರೈವ್ ಹಿಡಿದುಕೊಳ್ಳೋಣ. 15 ಎಚ್‌ಪಿ ಎಂದರೆ 11 ಕಿಲೋವ್ಯಾಟ್. ಇಂಥ ಡ್ರೈವ್ ತನ್ನ ಮೂಲಕ ಹರಿಯುವ ವಿದ್ಯುತ್ತಿನ ಶೇ. 2ರಿಂದ 3ರಷ್ಟನ್ನು ಶಾಖವಾಗಿ ಬಿಡುತ್ತದೆ. ಶೇ. 3 ಹಿಡಿದರೆ 330 ವ್ಯಾಟ್. ಕಾಂಟ್ಯಾಕ್ಟರ್ (ಮೋಟಾರಿಗೆ ಕರೆಂಟ್ ಜೋಡಿಸಿ ಬಿಡಿಸುವ ಸ್ವಿಚ್), 24 ವೋಲ್ಟ್ ಪವರ್ ಸಪ್ಲೈ, ಪಿಎಲ್‌ಸಿ (ಯಂತ್ರ ನಡೆಸುವ ಸಣ್ಣ ಕಂಪ್ಯೂಟರ್), ಚೋಕ್ ಎಲ್ಲ ಸೇರಿ ಇನ್ನೊಂದು 70 ವ್ಯಾಟ್. ಒಟ್ಟು 400 ಎಂದಿಟ್ಟುಕೊಳ್ಳಿ. ನಿಮ್ಮ ಡ್ರೈವ್‌ನ ಮ್ಯಾನ್ಯುಯಲ್‌ನಲ್ಲಿ ಶಾಖನಷ್ಟದ ಪಟ್ಟಿ ಇರುತ್ತದೆ, ಅದೇ ಸರಿಯಾದ ಅಂಕಿ. ಶೇಕಡಾ ಲೆಕ್ಕ ಅದು ಸಿಗದಿದ್ದಾಗ ಮಾತ್ರ.

ಇನ್ನು ಬಾಕ್ಸ್. ಇಷ್ಟು ಸಾಮಾನಿಗೆ 800 ಮಿಮೀ ಎತ್ತರ, 600 ಅಗಲ, 300 ಆಳದ ಗೋಡೆ ಬಾಕ್ಸ್ ಸಾಕೆಂದು ಪ್ಯಾನೆಲ್ ಕಟ್ಟುವವರು ಹೇಳುತ್ತಾರೆ. ಜಾಗದ ಮಟ್ಟಿಗೆ ಸಾಕು ನಿಜ. ಆದರೆ ಗೋಡೆಗೆ ಅಂಟಿರುವ ಬೆನ್ನು ಶಾಖ ಬಿಡುವುದಿಲ್ಲ, ಆದ್ದರಿಂದ ಕೆಲಸಕ್ಕೆ ಬರುವ ಮೇಲ್ಮೈಯನ್ನು ಐಇಸಿ 60890 ಎಂಬ ಅಂತರರಾಷ್ಟ್ರೀಯ ಮಾನದಂಡದ ಸೂತ್ರದಂತೆ ಲೆಕ್ಕ ಹಾಕುತ್ತಾರೆ: 1.4 × ಅಗಲ × (ಎತ್ತರ + ಆಳ), ಅದಕ್ಕೆ 1.8 × ಎತ್ತರ × ಆಳ ಕೂಡಿಸಿ, ಎಲ್ಲ ಅಳತೆಯೂ ಮೀಟರಿನಲ್ಲಿ. ನಮ್ಮ ಬಾಕ್ಸ್‌ಗೆ ಇದು 1.36 ಚದರ ಮೀಟರ್. ಬಣ್ಣ ಬಳಿದ ಉಕ್ಕಿನ ತಗಡು, ಒಳಗೆ-ಹೊರಗೆ ಒಂದು ಡಿಗ್ರಿ ವ್ಯತ್ಯಾಸವಿದ್ದರೆ, ಚದರ ಮೀಟರಿಗೆ ಸುಮಾರು 5.5 ವ್ಯಾಟ್ ಹೊರಗೆ ದಾಟಿಸುತ್ತದೆ. ಅಂದರೆ ಈ ಬಾಕ್ಸ್ ಪ್ರತಿ ಡಿಗ್ರಿಗೆ ಏಳೂವರೆ ವ್ಯಾಟ್ ಬಿಡುತ್ತದೆ. 400 ವ್ಯಾಟ್ ಬಿಡಬೇಕಾದರೆ ಒಳಗಿನ ಗಾಳಿ ಹೊರಗಿಗಿಂತ 53 ಡಿಗ್ರಿ ಹೆಚ್ಚು ಬಿಸಿಯಾಗಬೇಕು. ರಾಯಚೂರಿನ ಕಡೆ ಹೊರಗೆ 43 ಇದ್ದ ಮಧ್ಯಾಹ್ನ ಒಳಗೆ 96.

ಅಷ್ಟಕ್ಕೆ ಏರುವ ಎಷ್ಟೋ ಮೊದಲೇ ಡ್ರೈವ್ ಟ್ರಿಪ್ ಆಗುತ್ತದೆ. ಬಹುತೇಕ ಡ್ರೈವ್‌ಗಳು ಪೂರ್ತಿ ಶಕ್ತಿ ಕೊಡುವುದು ಸುತ್ತಲಿನ ಗಾಳಿ 40 ಡಿಗ್ರಿ ಇರುವ ತನಕ. ಅಲ್ಲಿಂದ 50ರವರೆಗೆ ಡಿಗ್ರಿಗೆ ಶೇ. 1ರಂತೆ ಕೈಬಿಡುತ್ತ ಬರುವುದು ಸಾಮಾನ್ಯ ನಿಯಮ. ‘ಸುತ್ತಲಿನ ಗಾಳಿ’ ಎಂದರೆ ಡ್ರೈವ್‌ನ ಸುತ್ತಲಿನದು, ಬಾಕ್ಸ್‌ನ ಒಳಗಿನದು. ಶೆಡ್ಡಿನ ಉಷ್ಣಾಂಶ ಅಂದುಕೊಂಡು ಓದುವವರು ಬಹಳ. ಟ್ರಿಪ್ ಆಗದಿದ್ದರೂ ಬಿಸಿ ಸುಮ್ಮನೆ ಬಿಡುವುದಿಲ್ಲ. ಒಳಗಿನ ಎಲೆಕ್ಟ್ರೊಲೈಟಿಕ್ ಕೆಪ್ಯಾಸಿಟರ್‌ಗಳ ಆಯಸ್ಸು ಪ್ರತಿ 10 ಡಿಗ್ರಿಗೆ ಅರ್ಧವಾಗುತ್ತದೆ ಎಂಬುದು ಹಳೆಯ, ನಂಬಬಹುದಾದ ಲೆಕ್ಕ. ಯುಪಿಎಸ್‌ನ ಲೆಡ್-ಆಸಿಡ್ ಬ್ಯಾಟರಿಗೂ 25 ಡಿಗ್ರಿ ದಾಟಿದ ಮೇಲೆ ಹೆಚ್ಚುಕಡಿಮೆ ಇದೇ ಗತಿ. ಅದಕ್ಕೇ ಬ್ಯಾಟರಿಯನ್ನು ಡ್ರೈವ್ ಇರುವ ಬಾಕ್ಸ್‌ನಲ್ಲಿ ಇಡಲೇಬೇಡಿ.

ಬಾಕ್ಸ್: ಐಪಿ ನಂಬರ್‌ಗಿಂತ ಮೊದಲು ಕೊಳೆ ಯಾವುದು ನೋಡಿ

ಐಪಿಯ ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. 5 ಎಂದರೆ ಸ್ವಲ್ಪ ಧೂಳು ಹೋದರೂ ಯಂತ್ರಕ್ಕೆ ತೊಂದರೆಯಾಗದು, 6 ಎಂದರೆ ಒಂದಿಷ್ಟೂ ಹೋಗದು. ನೀರಿನ ಕಡೆ 4 ಎಂದರೆ ಎರಚಲು, 5 ಎಂದರೆ ನಿಮಿಷಕ್ಕೆ 12.5 ಲೀಟರಿನ ಧಾರೆ, 6 ಎಂದರೆ ನಿಮಿಷಕ್ಕೆ 100 ಲೀಟರಿನ ಜೋರು ಧಾರೆ, 7 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಡುವುದು. 7 ಪಾಸಾದ ಬಾಕ್ಸ್ 6ರ ಧಾರೆಯನ್ನೂ ತಡೆಯುತ್ತದೆಂದು ಭಾವಿಸಬಾರದು, ಅವೆರಡು ಬೇರೆ ಪರೀಕ್ಷೆಗಳು. ಡೈರಿಯಲ್ಲಿ ಬಿಸಿನೀರಿನ ಪ್ರೆಷರ್ ವಾಷ್ ಹೊಡೆಯುವ ಜಾಗಕ್ಕೆ ಐಪಿ 69 ಎಂಬ ಇನ್ನೊಂದೇ ಇದೆ. ಅದರಲ್ಲಿ 80 ಡಿಗ್ರಿ ಬಿಸಿನೀರನ್ನು 80ರಿಂದ 100 ಬಾರ್ ಒತ್ತಡದಲ್ಲಿ ಹೊಡೆದು ನೋಡುತ್ತಾರೆ.

ಕಾರ್ಖಾನೆಯ ಒಳಗೆ, ಶುಚಿಯಾದ ಎಲೆಕ್ಟ್ರಿಕಲ್ ರೂಮಿನಲ್ಲಿ, ಐಪಿ 42 ಸಾಕು. ಇಲ್ಲಿ 65 ಕೇಳುವುದು ಶಾಖವನ್ನು ದುಡ್ಡು ಕೊಟ್ಟು ಕೂಡಿಹಾಕಿದಂತೆ. ಸಾಧಾರಣ ಧೂಳಿನ ಶೆಡ್ಡಿಗೆ 54. ತವುಡು, ಸಿಮೆಂಟು, ಗ್ರಾನೈಟ್ ಕತ್ತರಿಸುವ ಪುಡಿ ಇರುವಲ್ಲಿ 65, ಮಳೆಗೆ ಒಡ್ಡಿದ್ದರೆ 65 ಅಥವಾ 66ರ ಜೊತೆ ಇಳಿಜಾರಿನ ಮೇಲ್ಛಾವಣಿ. ಆ ನಂಬರ್ ಬಾಕ್ಸ್ ಕಾರ್ಖಾನೆಯಿಂದ ಹೊರಬಿದ್ದಾಗಿನದು ಎನ್ನುವುದು ನೆನಪಿರಲಿ. ಅದಕ್ಕೆ ಹೋಲ್-ಸಾ ಹಾಕಿ ತೂತು ಕೊರೆದು ಸೈಜ್ ತಪ್ಪಿದ ಕೇಬಲ್ ಗ್ಲ್ಯಾಂಡ್ (ಕೇಬಲ್ ಬಿಗಿಹಿಡಿಯುವ ಬಿರಡೆ) ಕೂರಿಸಿದರೆ, ಐಪಿ 54ರ ಫ್ಯಾನ್ ಕೂರಿಸಿದರೆ, ಇಡೀ ಪ್ಯಾನೆಲ್‌ನ ಮಟ್ಟ ಅತಿ ದುರ್ಬಲವಾದ ತೂತಿನ ಮಟ್ಟಕ್ಕೆ ಇಳಿಯುತ್ತದೆ.

ಯಾವ ವಸ್ತುವಿನದು? ಒಳನಾಡಿನಲ್ಲಿ ಸಿಆರ್‌ಸಿಎ (ಕೋಲ್ಡ್ ರೋಲ್ಡ್ ಉಕ್ಕು) ತಗಡಿಗೆ ಪೌಡರ್ ಕೋಟಿಂಗ್ ಹಾಕಿದ್ದನ್ನು ಬಿಟ್ಟು ಬೇರೆ ಯೋಚಿಸಲು ಕಾರಣ ಕಡಿಮೆ. ಶಾಖವನ್ನು ಚೆನ್ನಾಗಿ ಬಿಡುತ್ತದೆ, ರಿಪೇರಿ ಸುಲಭ, ಊರಿನಲ್ಲೇ ಮಾಡಿಕೊಡುತ್ತಾರೆ. ಬಾಗಿಲ ಗ್ಯಾಸ್ಕೆಟ್ ಮಾತ್ರ ಕೈಯಾರೆ ಮುಟ್ಟಿ ನೋಡಿ: ಸುತ್ತಲೂ ಕೀಲಿಲ್ಲದೆ ಸುರಿದ ಪಿಯು (ಪಾಲಿಯುರೆಥೇನ್) ಗ್ಯಾಸ್ಕೆಟ್ ಬಾಳಿಕೆ ಬರುತ್ತದೆ, ಪಟ್ಟಿ ಅಂಟಿಸಿದ್ದು ಮೂಲೆಯಲ್ಲಿ ಮೊದಲು ಬಿಡುತ್ತದೆ. ಪಾಲಿಕಾರ್ಬೊನೇಟ್ ಮತ್ತು ಎಫ್‌ಆರ್‌ಪಿ (ಗಾಜಿನ ನೂಲು ಸೇರಿಸಿದ ಪ್ಲಾಸ್ಟಿಕ್) ಬಾಕ್ಸ್‌ಗಳಿಗೆ ತುಕ್ಕಿನ ಭಯವಿಲ್ಲ, ಹಗುರ, ಕರೆಂಟು ಹೊಡೆಯುವುದಿಲ್ಲ. ಆದರೆ ಅವು ಶಾಖ ಬಿಡುವುದು ಚದರ ಮೀಟರಿಗೆ ಡಿಗ್ರಿಗೆ ಮೂರೂವರೆ ವ್ಯಾಟ್ ಅಷ್ಟೆ. ನಮ್ಮ 400 ವ್ಯಾಟ್ ಅದರಲ್ಲಿಟ್ಟರೆ 84 ಡಿಗ್ರಿ ಏರಿಕೆ. ಸೆನ್ಸರ್, ಮೀಟರ್, ಜಂಕ್ಷನ್, ಸಣ್ಣ ಟೈಮರಿಗೆ ಅವು ಸೊಗಸು, ಡ್ರೈವ್‌ಗೆ ಬೇಡ. ಬಿಸಿಲಿಗೆ ಇಡುವುದಾದರೆ ಯುವಿ ತಡೆಯುವ ದರ್ಜೆ ಕೇಳಿ ಪಡೆಯಿರಿ. ಇಲ್ಲದಿದ್ದರೆ ಎಫ್‌ಆರ್‌ಪಿಯ ಮೇಲ್ಮೈ ಸವೆದು ಗಾಜಿನ ನೂಲು ಹೊರಬಂದು ಕೈಗೆ ಚುಚ್ಚುತ್ತದೆ.

ಕರಾವಳಿಯ ಮಾತೇ ಬೇರೆ. ಮಂಗಳೂರು, ಮಲ್ಪೆ, ಕಾರವಾರದಲ್ಲಿ ಕಡಲಿಗೆ ಹತ್ತಿರವಿದ್ದಷ್ಟೂ ಉಪ್ಪು ಗಾಳಿಯಲ್ಲೇ ಬರುತ್ತದೆ. ಪೌಡರ್ ಕೋಟಿಂಗ್‌ನಲ್ಲಿ ಒಂದು ಗೀರು ಬಿದ್ದರೂ ಅದರಡಿಯಲ್ಲೇ ತುಕ್ಕು ಹರಡುತ್ತದೆ. ಸ್ಟೇನ್‌ಲೆಸ್ ಎಂದಾಕ್ಷಣ ನಿಶ್ಚಿಂತೆಯಾಗಬೇಡಿ, 304 ಎಂಬ ದರ್ಜೆಗೂ ಉಪ್ಪಿನ ಗಾಳಿಯಲ್ಲಿ ಚುಕ್ಕೆ ತುಕ್ಕು ಬರುತ್ತದೆ. 316 ದರ್ಜೆಯಲ್ಲಿ ಶೇ. 2ರಿಂದ 3ರಷ್ಟು ಮಾಲಿಬ್ಡಿನಮ್ ಇರುವುದರಿಂದ ಅದು ತಡೆದುಕೊಳ್ಳುತ್ತದೆ, ಬೆಲೆಯೂ ಹಾಗೇ. ಮೀನುಗಾರಿಕೆ ಬಂದರಿನ ಐಸ್ ಪ್ಲಾಂಟಿಗೆ 316, ಪೇಟೆಯೊಳಗಿನ ಲಿಫ್ಟ್ ರೂಮಿಗೆ ಒಳ್ಳೆಯ ಕೋಟಿಂಗ್‌ನ ಉಕ್ಕು, ಇದು ನನ್ನ ಆಯ್ಕೆ. ಕೀಲು, ಬೀಗ, ಬೋಲ್ಟು ಯಾವುದರದು ಎಂದೂ ಕೇಳಿ. 316ರ ಬಾಕ್ಸ್‌ಗೆ ಜಿಂಕ್ ಬೋಲ್ಟು ಹಾಕಿ ಕೊಡುವವರಿದ್ದಾರೆ.

ತಂಪು: ಕಡಿಮೆ ಖರ್ಚಿನಿಂದ ಶುರು

ಏನೂ ಹಾಕದೆ ಬಿಡುವುದು ಎಲ್ಲಕ್ಕಿಂತ ಒಳ್ಳೆಯ ತಂಪು, ಸಾಧ್ಯವಾದಲ್ಲಿ. ನಮ್ಮ 800 × 600 × 300 ಬಾಕ್ಸ್ 10 ಡಿಗ್ರಿ ಏರಿಕೆಯಲ್ಲಿ 75 ವ್ಯಾಟ್ ತಾನೇ ಬಿಡುತ್ತದೆ. ಪಿಎಲ್‌ಸಿ, ರಿಲೇ, ಸ್ಟಾರ್ಟರ್ ಮಾತ್ರ ಇರುವ ಪ್ಯಾನೆಲ್‌ಗೆ ಇಷ್ಟೇ ಸಾಕು. ಬಾಕ್ಸನ್ನು ಒಂದು ಸೈಜ್ ದೊಡ್ಡದು ತಗೊಂಡರೆ ಬೀಳುವ ಹೆಚ್ಚುವರಿ ಒಂದೇ ಸಲದ್ದು, ಫ್ಯಾನಿನ ಫಿಲ್ಟರ್ ಮಾತ್ರ ಜೀವನಪೂರ್ತಿ. ಹೊಲದ ಬೋರ್‌ವೆಲ್ ಸ್ಟಾರ್ಟರ್ ಬಾಕ್ಸ್ ಈ ಗುಂಪಿಗೆ ಸೇರಿದ್ದು. ಅಲ್ಲಿ ಶಾಖಕ್ಕಿಂತ ಹಲ್ಲಿ, ಇರುವೆ, ಇಲಿಗಳದ್ದೇ ಕಾಟ, ಕಾಂಟ್ಯಾಕ್ಟರ್ ನಡುವೆ ಸಿಕ್ಕ ಹಲ್ಲಿ ಒಂದು ಫೇಸ್ ಸುಟ್ಟುಬಿಡುತ್ತದೆ. ಲೂವರ್ (ಗಾಳಿಯಾಡುವ ಪಟ್ಟಿ ಕಿಂಡಿ) ಇದ್ದರೆ ಒಳಗಿನಿಂದ ಸಣ್ಣ ಕಣ್ಣಿನ ಜಾಲರಿ ಹೊಡೆಯಿರಿ, ಕೇಬಲ್ ಬರುವ ತೂತನ್ನು ಮುಚ್ಚಿ. ಸೋಲಾರ್ ಪಂಪಿನ ಕಂಟ್ರೋಲರ್ ಆದರೆ ಪ್ಯಾನೆಲ್‌ಗಳ ನೆರಳಿನಲ್ಲೇ, ಕಂಬದ ಉತ್ತರ ಬದಿಗೆ ಕಟ್ಟಿಸಿ.

ನೆರಳಿನ ಬೆಲೆ ಎಷ್ಟು ಗೊತ್ತೇ? ಪಶ್ಚಿಮಕ್ಕೆ ಮುಖ ಮಾಡಿದ ಗೋಡೆಯ ಮೇಲೆ ಸಂಜೆ ನಾಲ್ಕರ ಬಿಸಿಲು ಚದರ ಮೀಟರಿಗೆ 600-700 ವ್ಯಾಟ್ ಬೀಳುತ್ತದೆ. ತಿಳಿಬೂದು ಬಣ್ಣ ಅದರಲ್ಲಿ ಅರ್ಧ ಹೀರಿಕೊಂಡರೂ ನಮ್ಮ ಬಾಕ್ಸ್‌ನ ಬಾಗಿಲಿಗೆ ಹತ್ತಿರ ಹತ್ತಿರ 150 ವ್ಯಾಟ್ ಬಂತು. ಬಾಗಿಲಿನ ಮುಂದೆ ನಾಲ್ಕು ಬೆರಳು ಸಂದು ಬಿಟ್ಟು ಒಂದು ತಗಡಿನ ಮರೆ ಕಟ್ಟಿದರೆ ಅದರ ಬಹುಪಾಲು ಹೋಯಿತು. ಇದಕ್ಕೆ ಎಸಿ ಹಾಕುವವರನ್ನು ಕಂಡರೆ ನನಗೆ ಅಯ್ಯೋ ಅನಿಸುತ್ತದೆ.

ಮುಂದಿನದು ಫ್ಯಾನ್. ಎಷ್ಟು ಗಾಳಿ ಬೇಕೆಂಬುದಕ್ಕೆ ಸೂತ್ರ ಸರಳ: ವ್ಯಾಟನ್ನು 3.1ರಿಂದ ಗುಣಿಸಿ, ಎಷ್ಟು ಡಿಗ್ರಿ ಏರಿಕೆ ಒಪ್ಪುತ್ತೀರೋ ಅದರಿಂದ ಭಾಗಿಸಿ, ಗಂಟೆಗೆ ಬೇಕಾದ ಘನ ಮೀಟರ್ ಸಿಗುತ್ತದೆ. 3.1 ಸಮುದ್ರಮಟ್ಟದ ಮಾತು. ಎತ್ತರ ಹೋದಂತೆ ಗಾಳಿ ತೆಳುವಾಗುತ್ತದೆ, ಸಿಂಧನೂರಿಗೆ 3.3, ಸುಮಾರು 900 ಮೀಟರ್ ಎತ್ತರದ ಬೆಂಗಳೂರಿಗೆ 3.5 ಹಿಡಿಯಬೇಕು. ಸಾವಿರ ಮೀಟರ್ ದಾಟಿದ ಮಡಿಕೇರಿ, ಚಿಕ್ಕಮಗಳೂರಿನಲ್ಲಿ ಡ್ರೈವ್ ಕಂಪನಿಯವರೇ ನೂರು ಮೀಟರಿಗೆ ಶೇ. 1 ಶಕ್ತಿ ಕಳೆಯಲು ಹೇಳುತ್ತಾರೆ, ಅಲ್ಲಿ ಹೊರಗಿನ ತಂಪು ಆ ನಷ್ಟವನ್ನು ತುಂಬಿಕೊಡುತ್ತದೆ ಅನ್ನಿ.

ಬೆಂಗಳೂರಿನ ಬೇಸಿಗೆಯಲ್ಲಿ ಹೊರಗೆ 36, ಒಳಗೆ 45ಕ್ಕೆ ಮಿತಿ ಎಂದರೆ 9 ಡಿಗ್ರಿ ಏರಿಕೆ. 400 × 3.5 ÷ 9, ಗಂಟೆಗೆ 155 ಘನ ಮೀಟರ್. ಇದು ಸುಲಭ. ಸಿಂಧನೂರಿನಲ್ಲಿ ಹೊರಗೇ 43, ಒಳಗೆ 48 ಎಂದರೂ ಉಳಿದಿದ್ದು 5 ಡಿಗ್ರಿ. 400 × 3.3 ÷ 5, ಗಂಟೆಗೆ 264 ಘನ ಮೀಟರ್, ಅಂಗಡಿಯ ಭಾಷೆಯಲ್ಲಿ 155 ಸಿಎಫ್‌ಎಂ (ನಿಮಿಷಕ್ಕೆ ಘನ ಅಡಿ). ಕ್ಯಾಟಲಾಗ್‌ನಲ್ಲಿ ಬರೆದಿರುವುದು ಬಯಲಿನಲ್ಲಿ ತಿರುಗುವ ಫ್ಯಾನಿನ ಗಾಳಿ. ಫಿಲ್ಟರ್, ಲೂವರ್ ಕೂರಿಸಿದರೆ ಅದು ಅರ್ಧಕ್ಕಿಳಿಯುವುದು ಅಪರೂಪವಲ್ಲ. ಆದ್ದರಿಂದ ‘ಫಿಲ್ಟರ್ ಸಮೇತ ಎಷ್ಟು’ ಎಂಬ ಅಂಕಿಯನ್ನೇ ಕೇಳಬೇಕು.

ಫ್ಯಾನ್ ಎಲ್ಲಿ ಕೂರಿಸಬೇಕೆಂಬುದರಲ್ಲಿ ನಮ್ಮಲ್ಲಿ ಹಟದ ರೂಢಿಯೊಂದಿದೆ: ಮೇಲೆ ಎಕ್ಸಾಸ್ಟ್ ಫ್ಯಾನ್, ಕೆಳಗೆ ಬರೀ ಲೂವರ್. ಬಿಸಿಗಾಳಿ ಮೇಲೇರುತ್ತದಲ್ಲ ಎಂಬ ತರ್ಕ. ಹೊರಕ್ಕೆ ಎಳೆಯುವ ಫ್ಯಾನ್ ಬಾಕ್ಸ್‌ನೊಳಗೆ ಒತ್ತಡ ಕಡಿಮೆ ಮಾಡುತ್ತದೆ, ಆಗ ಬಾಗಿಲ ಸಂದು, ಕೇಬಲ್ ತೂತು, ಬೀಗದ ಕಿಂಡಿ ಎಲ್ಲದರಿಂದಲೂ ಧೂಳು ಒಳಬರುತ್ತದೆ. ಕೆಳಗೆ ಫಿಲ್ಟರ್ ಸಮೇತ ಒಳಕ್ಕೆ ತಳ್ಳುವ ಫ್ಯಾನ್ ಇಟ್ಟು ಮೇಲೆ ಎದುರು ಮೂಲೆಯಲ್ಲಿ ಹೊರಹೋಗುವ ಗ್ರಿಲ್ ಇಟ್ಟರೆ ಒಳಗೆ ಒತ್ತಡ ಸ್ವಲ್ಪ ಹೆಚ್ಚಿದ್ದು, ಸಂದುಗಳಿಂದ ಗಾಳಿ ಹೊರಗೇ ಹೋಗುತ್ತದೆ. ಬರುವ ಗಾಳಿಯೆಲ್ಲ ಫಿಲ್ಟರ್ ದಾಟಿಯೇ ಬರಬೇಕು. ಫ್ಯಾನಿನ ಬೇರಿಂಗ್‌ಗೂ ತಂಪು ಗಾಳಿ ಸಿಕ್ಕಿ ಆಯಸ್ಸು ಹೆಚ್ಚು.

ಹಾಗಾದರೆ ಗಿರಣಿಗೆ ಫ್ಯಾನ್ ಆಗುತ್ತದೆಯೇ? ಲೆಕ್ಕದಲ್ಲಿ ಆಗುತ್ತದೆ, ನಿಜದಲ್ಲಿ ಆಗುವುದಿಲ್ಲ. ತವುಡಿನಲ್ಲಿ ಎಣ್ಣೆಯಂಶವಿದೆ, ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಸೀಸನ್ನಿನಲ್ಲಿ ಹಗಲೂ ರಾತ್ರಿ ಓಡುವಾಗ ಅದನ್ನು ಬಿಚ್ಚಿ ತೊಳೆಯಲು ಯಾರಿಗೆ ಪುರುಸೊತ್ತು? ಕಟ್ಟಿಕೊಂಡ ಫಿಲ್ಟರಿನ ಫ್ಯಾನ್ ಇಲ್ಲದ ಫ್ಯಾನಿಗೆ ಸಮ. ಕೊನೆಗೆ ಯಾರೋ ಫಿಲ್ಟರನ್ನೇ ತೆಗೆದು ಬಿಸಾಡುತ್ತಾರೆ. ‘ಫಿಲ್ಟರ್ ತೊಳೆಯುವವನ ಹೆಸರೇನು?’ ಎಂಬ ಪ್ರಶ್ನೆಗೆ ಉತ್ತರವಿಲ್ಲದ ಕಡೆ ಫ್ಯಾನ್ ಹಾಕಬಾರದು.

ಅಲ್ಲಿಗೆ ಎರಡು ದಾರಿ. ಒಂದು, ಪ್ಯಾನೆಲನ್ನೇ ಧೂಳಿಲ್ಲದ ಬೇರೆ ರೂಮಿಗೆ ಒಯ್ಯುವುದು. ಗೋಡೆ ಕಟ್ಟುವ ಖರ್ಚು ಮೊದಲು ಜಾಸ್ತಿ ಕಂಡರೂ ಮೂರ್ನಾಲ್ಕು ಡ್ರೈವ್ ಇರುವ ಗಿರಣಿಗೆ ನಾನು ಕಣ್ಣುಮುಚ್ಚಿ ಹೇಳುವುದು ಇದನ್ನೇ. ಒಂದೇ ಷರತ್ತು, ಡ್ರೈವಿನಿಂದ ಮೋಟಾರಿಗೆ ಹೋಗುವ ಕೇಬಲ್ ಉದ್ದವಾಗುತ್ತದೆ. ಮ್ಯಾನ್ಯುಯಲ್ ಹೇಳಿದ ಮಿತಿ ಮೀರಿದರೆ ಔಟ್‌ಪುಟ್ ಚೋಕ್ ಬೇಕು. ಎರಡನೆಯದು ಬಾಕ್ಸನ್ನು ಪೂರ್ತಿ ಮುಚ್ಚಿಟ್ಟು ಶಾಖವನ್ನು ಮಾತ್ರ ಸಾಗಿಸುವುದು, ಅದರಲ್ಲಿ ನಾಲ್ಕಾರು ಬಗೆ.

ಡ್ರೈವಿನ ಹೀಟ್‌ಸಿಂಕನ್ನು (ಶಾಖ ಬಿಡುವ ಲೋಹದ ರೆಕ್ಕೆಗಳ ಭಾಗ) ಬಾಕ್ಸ್‌ನ ಬೆನ್ನಿನಿಂದ ಹೊರಗೆ ಬರುವಂತೆ ಕೂರಿಸುವ ಫ್ಲ್ಯಾಂಜ್ ಮೌಂಟಿಂಗ್ ಕಿಟ್ ಹಲವು ಕಂಪನಿಗಳಲ್ಲಿ ಸಿಗುತ್ತದೆ, ಆದರೂ ಇಲ್ಲಿ ಬಳಸುವವರು ವಿರಳ. ಡ್ರೈವ್ ಬಿಡುವ ಶಾಖದ ಮುಕ್ಕಾಲಿಗಿಂತ ಹೆಚ್ಚು ಹೀಟ್‌ಸಿಂಕ್ ಮೂಲಕವೇ ಹೊರಗೆ ಹೋಗುವುದರಿಂದ ನಮ್ಮ 400 ವ್ಯಾಟ್ 140ರ ಆಸುಪಾಸಿಗೆ ಇಳಿಯುತ್ತದೆ. ಬೆಂಗಳೂರಿನಲ್ಲಿ ಬಾಕ್ಸ್ ಎರಡು ಸೈಜ್ ದೊಡ್ಡದು ಮಾಡಿದರೆ ಮತ್ತೇನೂ ಬೇಡ. ಸಿಂಧನೂರಿನಲ್ಲಿ ಇದರ ಮೇಲೂ ಸಣ್ಣ ಕೂಲರ್ ಬೇಕು, ಆದರೆ ಸಣ್ಣದು.

ಏರ್-ಟು-ಏರ್ ಹೀಟ್ ಎಕ್ಸ್‌ಚೇಂಜರ್‌ನಲ್ಲಿ ಒಳಗಿನ ಗಾಳಿ, ಹೊರಗಿನ ಗಾಳಿ ಬೇರೆ ಬೇರೆ ದಾರಿಯಲ್ಲಿ ಹರಿದು ನಡುವಿನ ತಗಡಿನ ಮೂಲಕ ಶಾಖ ಬದಲಾಯಿಸಿಕೊಳ್ಳುತ್ತವೆ. ಗ್ಯಾಸ್ ಇಲ್ಲ, ಕಂಪ್ರೆಸರ್ ಇಲ್ಲ, ರಿಪೇರಿ ಕಡಿಮೆ. ಹೊರಗಿಗಿಂತ ತಣ್ಣಗೆ ಮಾಡಲು ಅದಕ್ಕೆ ಎಂದಿಗೂ ಆಗದು. ಬೆಂಗಳೂರಿನ 9 ಡಿಗ್ರಿ ಅಂತರದಲ್ಲಿ ಡಿಗ್ರಿಗೆ 40 ವ್ಯಾಟ್‌ನ ಮಾಡೆಲ್ ಸಾಕು. ಸಿಂಧನೂರಿನ 5 ಡಿಗ್ರಿಗೆ 75 ವ್ಯಾಟ್‌ನದು ಬೇಕು, ಅಷ್ಟು ದೊಡ್ಡದು ಬಾಕ್ಸ್‌ನ ಬಾಗಿಲಿಗೇ ಹಿಡಿಸುವುದು ಕಷ್ಟ. ತುಮಕೂರು, ಹಾಸನ, ಮೈಸೂರು, ಬೆಂಗಳೂರಿನ ಧೂಳಿನ ಶೆಡ್ಡುಗಳಿಗೆ ಇದೇ ಸರಿಯಾದ ಸಾಧನ, ಕಲ್ಯಾಣ ಕರ್ನಾಟಕಕ್ಕೆ ಅಲ್ಲ.

ಅಲ್ಲಿಗೆ ಪ್ಯಾನೆಲ್ ಎಸಿ. ಒಳಗೆ 38 ಬೇಕು, ಹೊರಗೆ 43 ಎಂದರೆ ಶಾಖ ತಗಡಿನ ಮೂಲಕ ಉಲ್ಟಾ ಒಳಬರುತ್ತದೆ: 5 ಡಿಗ್ರಿಗೆ 37 ವ್ಯಾಟ್. ಒಟ್ಟು 437. 500 ವ್ಯಾಟ್‌ನ ಎಸಿ ತರೋಣ ಎಂದರೆ ಅಲ್ಲೊಂದು ಕೊಕ್ಕೆಯಿದೆ. ಮುಖಪುಟದಲ್ಲಿ ದೊಡ್ಡದಾಗಿ ಬರೆದಿರುವುದು ಒಳಗೂ 35, ಹೊರಗೂ 35 ಇದ್ದಾಗಿನ ಸಾಮರ್ಥ್ಯ. ಹೊರಗೆ 50 ಇದ್ದಾಗಿನದು ಒಳಪುಟದಲ್ಲಿರುತ್ತದೆ, ಅದು ಗಣನೀಯವಾಗಿ ಕಡಿಮೆ. ಆ ಎರಡನೇ ಅಂಕಿ 450 ದಾಟುವ ಎಸಿ ತನ್ನಿ. ಮನೆಯ ಸ್ಪ್ಲಿಟ್ ಎಸಿಯ ಗಾಳಿಯನ್ನು ಪೈಪಿನಲ್ಲಿ ಪ್ಯಾನೆಲ್‌ಗೆ ತಿರುಗಿಸುವ ಜಾಣತನ ಬೇಡ, ಅದು ತೀರಾ ತಣ್ಣಗೆ ಮಾಡಿ ಒಳಗೆ ನೀರು ಕಟ್ಟಿಸುತ್ತದೆ.

ಕಂಪ್ರೆಸ್ಡ್ ಏರ್ ಬಳಸುವ ವೋರ್ಟೆಕ್ಸ್ ಕೂಲರ್ ನೋಡಲು ಮಾಯ: ಚಲಿಸುವ ಭಾಗವೇ ಇಲ್ಲ, ಅಂಗೈಯಷ್ಟು ಜಾಗ, ಬಾಕ್ಸ್‌ನಲ್ಲಿ ಸದಾ ಒಳ್ಳೆಯ ಗಾಳಿಯ ಒತ್ತಡ. ಸುಮಾರು 500 ವ್ಯಾಟ್ ತೆಗೆಯಲು 7 ಬಾರ್‌ನಲ್ಲಿ 25 ಸಿಎಫ್‌ಎಂ ಗಾಳಿ ಕುಡಿಯುತ್ತದೆ, ಅಷ್ಟಕ್ಕೆ 5-6 ಎಚ್‌ಪಿ ಕಂಪ್ರೆಸರ್ ಓಡಬೇಕು. ಕರೆಂಟ್ ಬಿಲ್ ನೀವೇ ಊಹಿಸಿ. ಬಾಯ್ಲರ್ ಪಕ್ಕ, ಫರ್ನೇಸ್ ಪಕ್ಕ ಎಸಿಯೂ ಬಾಳದ ಜಾಗಕ್ಕೆ ಮಾತ್ರ. ಗ್ಯಾಸ್ ಇಲ್ಲದೆ ಕರೆಂಟಿನಿಂದಲೇ ತಂಪು ಮಾಡುವ ಪೆಲ್ಟಿಯರ್ ಕೂಲರ್ 50-100 ವ್ಯಾಟ್‌ನ ಸಣ್ಣ ಕಿಯಾಸ್ಕ್‌ಗೆ ಸರಿ, ತೆಗೆಯುವ ಶಾಖಕ್ಕಿಂತ ಹೆಚ್ಚು ಕರೆಂಟನ್ನು ತಾನೇ ತಿನ್ನುವುದು ಅದಕ್ಕೆ ಸಾಮಾನ್ಯ.

ಮಳೆಗಾಲದ ಲೆಕ್ಕ ಬೇರೆ

ಬಿಸಿಯ ಬಗ್ಗೆ ಯೋಚಿಸುವವರು ತೇವ ಮರೆಯುತ್ತಾರೆ. ಪೂರ್ತಿ ಮುಚ್ಚಿದ ಐಪಿ 66 ಬಾಕ್ಸ್ ತೀರ್ಥಹಳ್ಳಿಯಲ್ಲೋ ಉಡುಪಿಯಲ್ಲೋ ಬಯಲಲ್ಲಿದ್ದರೆ, ಹಗಲು ಒಳಗಿನ ಗಾಳಿ ಹಿಗ್ಗಿ ಗ್ಯಾಸ್ಕೆಟ್ ಸಂದಿನಿಂದ ಹೊರಹೋಗುತ್ತದೆ, ಸಂಜೆಯ ಮಳೆಗೆ ತಣ್ಣಗಾದಾಗ ಹೊರಗಿನ ಒದ್ದೆ ಗಾಳಿಯನ್ನು ಎಳೆದುಕೊಳ್ಳುತ್ತದೆ. ಒಳಬಂದ ಆವಿ ನೀರಾಗಿ ತಳದಲ್ಲಿ ನಿಲ್ಲುತ್ತದೆ. ಹೋಗಲು ದಾರಿಯಿಲ್ಲ, ಏಕೆಂದರೆ ಬಾಕ್ಸ್ ಐಪಿ 66! ತಳದಲ್ಲಿ ಒಂದು ಬ್ರೀದರ್-ಡ್ರೇನ್ ಪ್ಲಗ್ ಇಟ್ಟರೆ ಒತ್ತಡವೂ ಸಮವಾಗುತ್ತದೆ, ನೀರೂ ಇಳಿಯುತ್ತದೆ. ಜೊತೆಗೆ ಥರ್ಮೋಸ್ಟ್ಯಾಟ್ ಇರುವ 30-60 ವ್ಯಾಟ್‌ನ ಸ್ಪೇಸ್ ಹೀಟರ್. ತಂಪು ಮಾಡಬೇಕಾದ ಪೆಟ್ಟಿಗೆಯಲ್ಲಿ ಹೀಟರ್ ಏಕೆ ಎಂದು ನಗುವವರಿಗೆ ಆಗಸ್ಟ್‌ನಲ್ಲಿ ನಿಂತ ಮಷೀನಿನ ಪ್ಯಾನೆಲ್ ತೆರೆದು ತೋರಿಸಬೇಕು.

ಕರಾವಳಿಯಲ್ಲಿ ಎಸಿಯನ್ನು 25ಕ್ಕೆ ಇಡುವುದು ಇದೇ ಕಾರಣಕ್ಕೆ ಅಪಾಯ. ಹೊರಗೆ 30 ಡಿಗ್ರಿ, ಶೇ. 80 ತೇವಾಂಶ ಇದ್ದರೆ ಇಬ್ಬನಿ ಕೂರುವ ಮಟ್ಟ 26ರ ಹತ್ತಿರ. ಬಾಗಿಲು ತೆರೆದ ಕೂಡಲೇ ತಣ್ಣಗಿನ ಸರ್ಕ್ಯೂಟ್ ಬೋರ್ಡ್ ಮೇಲೆ ನೀರು. 35ಕ್ಕೆ ಇಡಿ. ಬಾಗಿಲು ತೆರೆದರೆ ಎಸಿ ನಿಲ್ಲುವ ಲಿಮಿಟ್ ಸ್ವಿಚ್ ಹಾಕಿಸಿ, ಡ್ರೇನ್ ಪೈಪ್ ಕೆಳಮುಖವಾಗಿ ಇಳಿಜಾರಾಗಿರಲಿ.

ಅಪಾರ್ಟ್‌ಮೆಂಟಿನ ಸಿಸಿಟಿವಿ ರ‍್ಯಾಕ್ ಬಗ್ಗೆ ಒಂದು ಮಾತು. 9ಯು ಗೋಡೆ ರ‍್ಯಾಕ್‌ಗೆ ಗಾಜಿನ ಬಾಗಿಲಿಗಿಂತ ಜಾಲರಿ ಬಾಗಿಲು ಒಳ್ಳೆಯದು. ನೆಟ್‌ವರ್ಕ್ ಕೇಬಲಿನಲ್ಲೇ ಕ್ಯಾಮೆರಾಗಳಿಗೆ ಕರೆಂಟ್ ಕಳಿಸುವ ಪಿಒಇ ಸ್ವಿಚ್ ಮೇಲೆ 150 ವ್ಯಾಟ್ ಎಂದಿದ್ದರೆ ಗಾಬರಿಯಾಗಬೇಡಿ, ಅದರಲ್ಲಿ ಬಹುಪಾಲು ಕ್ಯಾಮೆರಾಗಳಲ್ಲಿ ಖರ್ಚಾಗುತ್ತದೆ, ರ‍್ಯಾಕ್‌ನಲ್ಲಿ ಅಲ್ಲ. ಅಲ್ಲಿ ಬಿಸಿಗೆ ಮೊದಲು ಸಾಯುವುದು ಹಾರ್ಡ್ ಡಿಸ್ಕ್.

ಆರ್ಡರ್‌ನಲ್ಲಿ ಬರೆಯಬೇಕಾದ್ದು

‘ಐಪಿ 65 ಪ್ಯಾನೆಲ್, ಫ್ಯಾನ್ ಸಮೇತ’ ಎಂದು ಬರೆದರೆ ಆ ಎರಡು ಪದಗಳೇ ಒಂದಕ್ಕೊಂದು ಜಗಳವಾಡುತ್ತವೆ. ಒಳಗೆ ಹುಟ್ಟುವ ಶಾಖ ಎಷ್ಟು ವ್ಯಾಟ್, ಹೊರಗಿನ ಗರಿಷ್ಠ ಎಷ್ಟು ಡಿಗ್ರಿ, ಒಳಗೆ ಎಷ್ಟು ಮೀರಬಾರದು, ಬಿಸಿಲೋ ನೆರಳೋ, ಧೂಳು ಯಾವ ಜಾತಿಯದು, ಊರಿನ ಎತ್ತರ, ಇಷ್ಟನ್ನು ಬರೆಯಿರಿ. ‘ಗ್ಲ್ಯಾಂಡ್, ಫ್ಯಾನ್, ಕೂಲರ್, ಬಾಗಿಲ ಮೀಟರ್ ಎಲ್ಲ ಕೂರಿಸಿದ ಮೇಲೆ ಐಪಿ ಇಷ್ಟಿರಬೇಕು’ ಎಂದು ಸೇರಿಸಿ, ಉಷ್ಣ ಏರಿಕೆಯ ಲೆಕ್ಕವನ್ನು ಕೊಟೇಷನ್ ಜೊತೆಗೇ ಕೇಳಿ. ಲೆಕ್ಕ ಕೊಡದವರು ಕಡಿಮೆ ಬೆಲೆ ಹೇಳಿದರೂ ನಾನಂತೂ ಆಚೆ ಇಡುತ್ತೇನೆ.

ಪ್ಯಾನೆಲ್ ಬಂದ ಮೇಲೆ ಒಳಗೆ, ಮೇಲ್ಭಾಗದಲ್ಲಿ, ಗರಿಷ್ಠ ಉಷ್ಣಾಂಶ ನೆನಪಿಟ್ಟುಕೊಳ್ಳುವ ಸಣ್ಣ ಡಿಜಿಟಲ್ ಥರ್ಮಾಮೀಟರ್ ಒಂದನ್ನು ಕಟ್ಟಿ. ಮೊದಲ ಬೇಸಿಗೆ ಮುಗಿದಾಗ ಅದು 45ರ ಒಳಗಿದ್ದರೆ ಯಾರು ಏನು ಮಾರಲು ಬಂದರೂ ಕೊಳ್ಳುವ ಅಗತ್ಯವಿಲ್ಲ. 50 ದಾಟಿದ್ದರೆ ಮೊದಲು ಫಿಲ್ಟರ್ ಬಿಚ್ಚಿ ನೋಡಿ, ಆಮೇಲೆ ಬಾಗಿಲಿಗೆ ಬೀಳುವ ಬಿಸಿಲು ನೋಡಿ, ಎಸಿಯವರಿಗೆ ಫೋನ್ ಮಾಡುವುದು ಅದಾದ ಮೇಲೆ.